ಆಟದ ಹುರುಪು ಏಕೆ ಇಳಿಯುತ್ತದೆ? ಅನಿಮೆ, ವಿಡಿಯೋ ಗೇಮ್ ಮತ್ತು ಭೀಮಾತೀರದ ತರುಣರು

ಹದಿನಾಲ್ಕನೆಯ ವಯಸ್ಸಿನಲ್ಲಿ ಊಟ ನಿದ್ದೆಗಳನ್ನು ಮರೆಸುತ್ತಿದ್ದ ವಿಡಿಯೋ ಗೇಮ್ ಇಪ್ಪತ್ತೈದರ ಹೊತ್ತಿಗೆ ಮೊಬೈಲಿನಲ್ಲಿದ್ದೂ ತೆರೆಯದೆ ಉಳಿಯುವುದು, ಒಂದೇ ರಾತ್ರಿ ಹತ್ತು ಕಂತು ನೋಡಿಸುತ್ತಿದ್ದ ಅನಿಮೆ ಎರಡನೆಯ ಕಂತಿಗೇ ಬೇಸರ ತರಿಸುವುದು ಇಂದಿನ ತರುಣರಲ್ಲಿ ವ್ಯಾಪಕವಾಗಿ ಕಾಣುವ ಅನುಭವ. ಅನಿಮೆ ಎಂದರೆ ಜಪಾನಿನಲ್ಲಿ ತಯಾರಾದ, ಚಿತ್ರಗಳನ್ನು ಚಲಿಸುವಂತೆ ಮಾಡಿ ಕಥೆ ಹೇಳುವ ಸರಣಿಗಳು ಹಾಗೂ ಚಲನಚಿತ್ರಗಳು. ಅವುಗಳಲ್ಲಿ ಮಕ್ಕಳ ವಿನೋದದ ಜೊತೆಗೆ ಯುದ್ಧ, ಸಾವು, ಪ್ರೇಮ, ಒಂಟಿತನ ಮೊದಲಾದ ದೊಡ್ಡವರ ವಸ್ತುಗಳೂ ಧಾರಾಳವಾಗಿ ಬರುತ್ತವೆ. ಇವುಗಳ ಮೇಲಿನ ಆಸಕ್ತಿ ಇಳಿದಾಗ ಮನೆಯ ಹಿರಿಯರು ಮಗನಿಗೆ ಬುದ್ಧಿ ಬಂತೆಂದು ಸಮಾಧಾನಪಡುತ್ತಾರೆ, ಆದರೆ ಆ ಇಳಿತವನ್ನು ಅನುಭವಿಸುವವರಲ್ಲಿ ಅನೇಕರು ತಮ್ಮೊಳಗೆ ಏನೋ ಬತ್ತಿತೆಂದು ಕಳವಳಪಡುತ್ತಾರೆ. ಮನೋವಿಜ್ಞಾನಿಗಳು, ಆಟಗಳ ವಿನ್ಯಾಸಕಾರರು, ಸಮಾಜಶಾಸ್ತ್ರಜ್ಞರು, ವೈದ್ಯರು ಇದಕ್ಕೆ ಹೇಳುವ ಕಾರಣಗಳೂ ಒಂದೇ ತೆರನಾಗಿಲ್ಲ.

ಆ ವಾದಗಳಲ್ಲಿ ಬಹುಪಾಲು ಹುಟ್ಟಿದ್ದು ಸ್ವಂತ ಕೋಣೆ, ಸ್ವಂತ ಕಂಪ್ಯೂಟರ್, ಕಡಿತವಿಲ್ಲದ ವಿದ್ಯುತ್ತು ಇರುವ ಸಮಾಜಗಳಲ್ಲಿ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಆಟವೆಂಬುದು ಬಹುಕಾಲ ಅಣ್ಣನ ಅಥವಾ ಅಪ್ಪನ ಫೋನಿನಲ್ಲಿ, ಕರೆಂಟು ಹೋಗಿ ಬರುವ ನಡುವೆ, ಗುಡಿಯ ಕಟ್ಟೆಯ ಮೇಲೆ ಗುಂಪುಗೂಡಿ ನಡೆದದ್ದು. ಹೀಗೆ ಆಡಿದವರ ಆಸಕ್ತಿ ಇಳಿಯುವ ಬಗೆಯನ್ನು ಆ ವಾದಗಳು ಎಷ್ಟರಮಟ್ಟಿಗೆ ವಿವರಿಸುತ್ತವೆ ಎಂದು ನೋಡಿದಾಗ ಪ್ರತಿಯೊಂದರ ಬಲವೂ ಮಿತಿಯೂ ಹೆಚ್ಚು ಸ್ಪಷ್ಟವಾಗುತ್ತವೆ.

ಪರದೆ ಹಳ್ಳಿಗೆ ಬಂದ ದಾರಿ

ಜಪಾನಿನ ಚಿತ್ರಸರಣಿ ಈ ಭಾಗದ ಮನೆಗಳನ್ನು ಮೊದಲು ಹೊಕ್ಕದ್ದು ಅದು ಜಪಾನಿನದೆಂಬ ಅರಿವು ನೋಡುವವರಿಗೆ ಇಲ್ಲದಿರುವಾಗಲೇ. 1993ರಲ್ಲಿ ದೂರದರ್ಶನವು ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ತೋರಿಸಿದ ‘ಜಂಗಲ್ ಬುಕ್’ ನಿಪ್ಪಾನ್ ಅನಿಮೇಷನ್ ಸಂಸ್ಥೆ 1989ರಲ್ಲಿ ತಯಾರಿಸಿದ ಸರಣಿಯಾಗಿತ್ತು. ಮೋಗ್ಲಿಯ ಕಥೆ ಭಾರತದ ಕಾಡಿನದಾದ್ದರಿಂದ ಅದು ಪರದೇಶದ ವಸ್ತುವೆಂದು ಯಾರಿಗೂ ಅನಿಸಲಿಲ್ಲ. ಅದೇ ದಶಕದಲ್ಲಿ, ನಿಂಟೆಂಡೊ ಕಂಪನಿ 1983ರಲ್ಲಿ ತಂದಿದ್ದ ಎಂಟು ಬಿಟ್ ಯಂತ್ರದ ಅಗ್ಗದ ನಕಲುಗಳು ಪೇಟೆಯ ಅಂಗಡಿಗಳಿಗೂ ಜಾತ್ರೆಗಳಿಗೂ ಬಂದವು. ಟಿವಿಗೆ ಜೋಡಿಸುವ ಆ ಡಬ್ಬಿಗೆ ಹಾಕುವ ತುಂಡನ್ನು ಮಕ್ಕಳು ಕ್ಯಾಸೆಟ್ ಎಂದೇ ಕರೆಯುತ್ತಿದ್ದರು. ಅದರ ಮೇಲೆ ಸಾವಿರಾರು ಆಟಗಳ ಲೆಕ್ಕ ಅಚ್ಚಾಗಿದ್ದರೂ ಒಳಗಿರುತ್ತಿದ್ದದ್ದು ಮಾರಿಯೊ, ಕಾಂಟ್ರಾ ಮೊದಲಾದ ಕೆಲವೇ ಆಟಗಳು, ಹೆಸರು ಬದಲಿಸಿ ಮತ್ತೆ ಮತ್ತೆ ಬರುವಂಥವು. ಪರದೆಯಲ್ಲಿ ಗೆರೆ ಮೂಡಿ ಆಟ ನಿಂತರೆ ಕ್ಯಾಸೆಟ್ಟನ್ನು ಕಿತ್ತು, ತಳಕ್ಕೆ ಬಾಯಿಂದ ಊದಿ, ಮತ್ತೆ ಸಿಕ್ಕಿಸಬೇಕಾಗುತ್ತಿತ್ತು. ಇಬ್ಬರು ಆಡುವಾಗ ನಾಲ್ವರು ಸರದಿಗಾಗಿ ಕಾಯುತ್ತಿದ್ದರು ಎಂಬ ಅಂಶವನ್ನು ಇಲ್ಲಿಯೇ ಗಮನಿಸಬೇಕು, ಏಕೆಂದರೆ ಮುಂದಿನ ಚರ್ಚೆಯಲ್ಲಿ ಅದು ಮಹತ್ವದ್ದಾಗುತ್ತದೆ.

ಕೇಬಲ್ ಟಿವಿ ಹರಡಿದ ಮೇಲೆ ಪೋಕೆಮಾನ್, ಡ್ರ್ಯಾಗನ್ ಬಾಲ್, ಡೋರೆಮಾನ್, ಶಿನ್‌ಚಾನ್ ಸರಣಿಗಳು ಹಿಂದಿಯಲ್ಲಿ ಬಂದವು. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಡಳಿತದಲ್ಲಿದ್ದ, ಉರ್ದು ಮತ್ತು ದಖನಿ ಮಾತು ಸಂತೆಯಲ್ಲೂ ಓಣಿಯಲ್ಲೂ ದಿನನಿತ್ಯ ಕಿವಿಗೆ ಬೀಳುವ ಈ ಸೀಮೆಯ ಮಕ್ಕಳಿಗೆ ಹಿಂದಿಯ ಸಂಭಾಷಣೆ ಅಷ್ಟೇನೂ ಅಡ್ಡಿಯಾಗಲಿಲ್ಲ. ಮಹಾರಾಷ್ಟ್ರದ ಗಡಿಗೆ ತಾಗಿದ ಆಳಂದ, ಅಫಜಲಪುರಗಳಲ್ಲಿ ಮರಾಠಿಯೂ ಜೊತೆಗಿತ್ತು. ಹಳೆಯ ಮೈಸೂರಿನ ಮಕ್ಕಳಿಗಿಂತ ಇಲ್ಲಿನ ಮಕ್ಕಳು ಈ ಸರಣಿಗಳಿಗೆ ಬೇಗ ಒಗ್ಗಿಕೊಂಡಿರಬೇಕೆಂದು ಊಹಿಸಲು ಇದು ಒಳ್ಳೆಯ ಆಧಾರ. ಕನ್ನಡದಲ್ಲಿ 1960ರ ದಶಕದಿಂದ ಬೇರೂರಿದ್ದ ಡಬ್ಬಿಂಗ್ ವಿರೋಧ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲಷ್ಟೇ ಸಡಿಲಗೊಂಡಿತು. 2009ರಲ್ಲಿ ಆರಂಭವಾದ ಚಿಂಟು ಟಿವಿ ಮಕ್ಕಳ ಕಾರ್ಯಕ್ರಮಗಳನ್ನು ಕನ್ನಡಕ್ಕೆ ತಂದರೂ ತುಸು ದೊಡ್ಡವರ ಅನಿಮೆ ಹಿಂದಿಯ ಅಥವಾ ಇಂಗ್ಲಿಷ್ ಅಡಿಬರಹಗಳ ದಾರಿಯಿಂದಲೇ ಬರುತ್ತಿತ್ತು.

ಹಳ್ಳಿಯ ಆಟಗಾರನನ್ನು ನಿಜವಾಗಿ ಹುಟ್ಟಿಸಿದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆಯೊಂದಿಗೆ ಆರಂಭವಾದ ಅಗ್ಗದ ಡೇಟಾ. 2018ರಲ್ಲಿ ಬಂದ ಪಬ್ಜಿ ಮೊಬೈಲ್, ಕಡಿಮೆ ಸಾಮರ್ಥ್ಯದ ಫೋನಿನಲ್ಲೂ ಓಡುವ ಫ್ರೀ ಫೈರ್ ಊರೂರಿಗೆ ತಲುಪಿದವು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲಿ ದಾಖಲಾಗಿ, ಶಾಲೆಗಳು ಮುಚ್ಚಿ, ಪಾಠಕ್ಕೆಂದೇ ಮಕ್ಕಳ ಕೈಗೆ ಫೋನು ಬಂದಾಗ ಆಟದ ಹೊತ್ತೂ ಹಿಗ್ಗಿತು. ಅದೇ ವರ್ಷದ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿಯೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿದ ಆಟ 2022ರ ಜುಲೈಯಲ್ಲಿ ಮತ್ತೆ ಮರೆಯಾಗಿ 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಫ್ರೀ ಫೈರ್‌ನ ಮೂಲ ಆವೃತ್ತಿಯೂ 2022ರ ಫೆಬ್ರುವರಿಯಲ್ಲಿ ನಿಷೇಧಕ್ಕೆ ಒಳಗಾಯಿತು. ಹೀಗೆ ಒಂದು ತಲೆಮಾರು ತನ್ನ ಆಟವನ್ನು ಪದೇ ಪದೇ ಕಳೆದುಕೊಂಡು ಪದೇ ಪದೇ ಪಡೆದುಕೊಂಡು ಬೆಳೆಯಿತು.

ರಸಶಾಸ್ತ್ರದ ಉತ್ತರ

ಆಸಕ್ತಿ ಏಕೆ ನಿಲ್ಲುತ್ತದೆ, ಏಕೆ ಕೆಡುತ್ತದೆ ಎಂಬ ಪ್ರಶ್ನೆಯನ್ನು ಆಧುನಿಕ ಮನೋವಿಜ್ಞಾನವೇ ಮೊದಲು ಎತ್ತಿತೆಂದು ಭಾವಿಸುವುದು ಸರಿಯಲ್ಲ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ಭರತನ ನಾಟ್ಯಶಾಸ್ತ್ರಕ್ಕೆ ಬರೆದ ‘ಅಭಿನವಭಾರತಿ’ ಎಂಬ ವ್ಯಾಖ್ಯಾನದಲ್ಲಿ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಗುರುತಿಸಿದ್ದಾನೆ. ಅವುಗಳಲ್ಲಿ ಎರಡು ಇಲ್ಲಿಗೆ ನೇರವಾಗಿ ಸಲ್ಲುತ್ತವೆ. ಮೊದಲನೆಯದು ಸಂಭಾವನಾವಿರಹ, ಅಂದರೆ ಕಣ್ಣೆದುರಿನ ಘಟನೆ ಸಂಭವನೀಯವೆಂದು ಮನಸ್ಸು ಒಪ್ಪದಿರುವುದು. ಹದಿನೈದರ ಹುಡುಗನೊಬ್ಬ ಲೋಕವನ್ನೇ ಉಳಿಸುವ ಕಥೆ ಹದಿನೈದರ ಪ್ರೇಕ್ಷಕನಿಗೆ ಸಹಜವೆನಿಸಿ, ಮೂವತ್ತರವನಿಗೆ ದೂರದ್ದಾಗಿ ಕಾಣುವುದಕ್ಕೆ ಇದು ಕಾರಣವಾಗಬಲ್ಲದು. ಎರಡನೆಯದು ನಿಜಸುಖಾದಿವಿವಶೀಭಾವ, ಅಂದರೆ ತನ್ನದೇ ಸುಖದುಃಖಗಳಿಗೆ ವಶವಾದ ಮನಸ್ಸು ಬೇರೊಂದರಲ್ಲಿ ನೆಲೆ ನಿಲ್ಲದಿರುವುದು. ಸಾಲದ ಕಂತು, ಅಕ್ಕನ ಮದುವೆ, ಮಳೆ ಬಾರದ ಜೂನ್ ತಲೆಯಲ್ಲಿರುವಾಗ ಪರದೆಯ ಮೇಲಿನ ಯುದ್ಧ ಹಿಡಿದಿಡುವುದಿಲ್ಲ. ಈ ಎರಡನೆಯ ವಿಘ್ನಕ್ಕೆ ಅಭಿನವಗುಪ್ತ ಹೇಳಿದ ಪರಿಹಾರ ಪ್ರೇಕ್ಷಕನನ್ನು ತಿದ್ದುವುದಲ್ಲ. ವಾದ್ಯ, ಗಾನ, ಅಲಂಕೃತ ಮಂಟಪಗಳಿಂದ ರಂಗವೇ ಅವನನ್ನು ಅವನ ಚಿಂತೆಯಿಂದ ಎತ್ತಿಕೊಳ್ಳಬೇಕೆಂಬುದು.

ಇದಕ್ಕಿಂತಲೂ ಮುಖ್ಯವಾದದ್ದು ಅಭಿನವಗುಪ್ತನ ಸಹೃದಯನ ಕಲ್ಪನೆ. ಕಾವ್ಯವನ್ನು ನಿರಂತರವಾಗಿ ಅಭ್ಯಾಸ ಮಾಡಿದ್ದರಿಂದ ಮನಸ್ಸು ಕನ್ನಡಿಯಂತೆ ನಿರ್ಮಲವಾದವನೇ ಸಹೃದಯ ಎಂದರೆ, ಮತ್ತೆ ಮತ್ತೆ ಸವಿಯುವುದರಿಂದ ರುಚಿ ಕೆಡುವುದಿಲ್ಲ, ಹದಗೊಳ್ಳುತ್ತದೆ ಎಂದಾಯಿತು. ಕಲಬುರಗಿ ಜಿಲ್ಲೆಯದೇ ಆದ ಮಳಖೇಡದಲ್ಲಿ, ಅಂದಿನ ಮಾನ್ಯಖೇಟದಲ್ಲಿ, ಒಂಬತ್ತನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವೂ ಕಾವ್ಯದ ಗುಣದೋಷಗಳನ್ನು ಅರಿಯುವುದು ಬೆಳೆಸಿಕೊಳ್ಳಬಹುದಾದ ಸಾಮರ್ಥ್ಯವೆಂಬ ನಂಬಿಕೆಯ ಮೇಲೆ ನಿಂತ ಕೃತಿ. ಈ ಪರಂಪರೆ ಮುಂದಿನ ವಾದಕ್ಕೆ ನೇರ ಎದುರಾಗಿ ನಿಲ್ಲುತ್ತದೆ.

ತಣಿವಿನ ವಾದ

ಅತಿ ಪ್ರಚಲಿತವಾದ ವಿವರಣೆ ಯಾವುದೇ ಸುಖವೂ ಅಭ್ಯಾಸವಾದಂತೆ ತೀವ್ರತೆ ಕಳೆದುಕೊಳ್ಳುತ್ತದೆ ಎಂಬುದು. ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ 1971ರಲ್ಲಿ ಮಂಡಿಸಿದ ಈ ವಿಚಾರದ ಪ್ರಕಾರ ಮನುಷ್ಯ ಹೊಸ ಸುಖಕ್ಕೆ ಬೇಗ ಒಗ್ಗಿಕೊಂಡು ಮೊದಲಿನ ಮಟ್ಟಕ್ಕೇ ಮರಳುತ್ತಾನೆ. ಅದೇ ವರ್ಷ ಡೇನಿಯಲ್ ಬರ್ಲೈನ್ ಕಲಾಸ್ವಾದದ ಬಗ್ಗೆ ಬರೆಯುತ್ತ, ಹೊಸತನ ಮತ್ತು ಸಂಕೀರ್ಣತೆ ಮಧ್ಯಮ ಪ್ರಮಾಣದಲ್ಲಿದ್ದಾಗ ಸಂತೋಷ ಗರಿಷ್ಠವಾಗಿದ್ದು, ತೀರಾ ಪರಿಚಿತವಾದದ್ದೂ ತೀರಾ ಅಪರಿಚಿತವಾದದ್ದೂ ಬೇಸರ ಅಥವಾ ಗೊಂದಲ ತರುತ್ತವೆಂದು ವಾದಿಸಿದ. ಆಟಗಳ ವಿನ್ಯಾಸಕಾರ ರಾಫ್ ಕೋಸ್ಟರ್ 2004ರ ತನ್ನ ಪುಸ್ತಕದಲ್ಲಿ ಇದನ್ನು ಆಟಕ್ಕೆ ಅನ್ವಯಿಸಿದ: ಆಟವೆಂದರೆ ಮಿದುಳು ಕಲಿಯಬೇಕಾದ ಒಂದು ವಿನ್ಯಾಸ, ಕಲಿಯುವಷ್ಟು ಹೊತ್ತು ಮೋಜಿರುತ್ತದೆ, ಕಲಿತು ಮುಗಿದ ಮೇಲೆ ಮೋಜು ತೀರುತ್ತದೆ.

ಅನಿಮೆಗೆ ಇದು ಚೆನ್ನಾಗಿ ಹೊಂದುತ್ತದೆ. ದುರ್ಬಲನಾದ ಹುಡುಗ, ಕಠಿಣ ತರಬೇತಿ, ಪಂದ್ಯಾವಳಿ, ಇನ್ನೂ ಬಲಿಷ್ಠನಾದ ಎದುರಾಳಿ ಎಂಬ ಸರಪಳಿಯನ್ನು ಒಂದು ಸರಣಿಯಲ್ಲಿ ಅರಿತವನು ಐದನೆಯ ಸರಣಿಯಲ್ಲಿ ಅದನ್ನು ಮುಂಚಿತವಾಗಿಯೇ ಊಹಿಸುತ್ತಾನೆ. ಆದರೆ ಈ ವಾದ ಒಂದು ಕಡೆ ಸಿಕ್ಕಿಬೀಳುತ್ತದೆ. ದೊಡ್ಡಾಟದ ರಾತ್ರಿ ಜಮಖಾನೆ ಹಾಸಿ ಕುಳಿತ ಅಜ್ಜನಿಗೆ ಮುಂದಿನ ಪ್ರಸಂಗ, ಅದರ ಪದ್ಯ, ಯಾವ ಪಾತ್ರ ಯಾವಾಗ ಒಳಬರುತ್ತದೆ ಎಂಬುದೆಲ್ಲ ಕಂಠಪಾಠವಿರುತ್ತದೆ. ಆ ಪರಿಚಯವೇ ಅವನ ಆಸಕ್ತಿಯನ್ನು ಕಾಯುತ್ತದೆ. ಭಜನೆಯ ಮನೆಯಲ್ಲಿ ಅದೇ ತತ್ವಪದ ಪ್ರತಿ ಅಮಾವಾಸ್ಯೆಗೂ ಕೇಳಿಬರುತ್ತದೆ. ಪರಿಚಯ ಹೆಚ್ಚಿದಂತೆ ಇಷ್ಟವೂ ಹೆಚ್ಚಬಲ್ಲದೆಂಬುದನ್ನು ರಾಬರ್ಟ್ ಝಯೋಂಕ್ 1968ರಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದಾನೆ. ಆದ್ದರಿಂದ ಪುನರಾವರ್ತನೆ ಒಂದು ಕಡೆ ಬೇಸರವಾಗಿ ಇನ್ನೊಂದು ಕಡೆ ಭಕ್ತಿಯಾಗುವುದಕ್ಕೆ ಬೇರೆ ಕಾರಣವನ್ನೇ ಹುಡುಕಬೇಕು. ಇನ್ನೂ ಒಂದು ಮಾತು: ದಿನಕ್ಕೆ ಅರ್ಧ ಗಂಟೆ ಸರದಿ ಸಿಕ್ಕವನು, ಬ್ಯಾಟರಿ ತೀರಿದ ಕೂಡಲೇ ಎದ್ದವನು ತಣಿಯುವಷ್ಟು ಆಡಿದ್ದೇ ಇಲ್ಲ, ಆದರೂ ಅವನ ಆಸಕ್ತಿ ಇಳಿಯುತ್ತದೆ.

ಬಹುಮಾನ ಕೆಡಿಸಿತೆಂಬ ವಾದ

ಎಡ್ವರ್ಡ್ ಡೆಸಿ 1971ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟು, ಅವರಲ್ಲಿ ಕೆಲವರಿಗೆ ಬಿಡಿಸಿದ್ದಕ್ಕೆ ಹಣ ಕೊಟ್ಟ. ಹಣ ನಿಂತ ಮೇಲೆ, ಬಿಡುವಿನ ಹೊತ್ತಿನಲ್ಲಿ ಒಗಟನ್ನು ತಾವಾಗಿಯೇ ಮುಟ್ಟುವ ಒಲವು ಹಣ ಪಡೆದವರಲ್ಲಿ ಕುಗ್ಗಿತ್ತು. ಎರಡು ವರ್ಷಗಳ ನಂತರ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳಲ್ಲಿ ಇದನ್ನೇ ಕಂಡರು: ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದರು. ಡೆಸಿ ಮತ್ತು ರಿಚರ್ಡ್ ರಯಾನ್ ಕಟ್ಟಿದ ಸ್ವಯಂನಿರ್ಣಯ ಸಿದ್ಧಾಂತದ ಪ್ರಕಾರ ಮನುಷ್ಯನಿಗೆ ಮೂರು ಮೂಲ ಬೇಕುಗಳಿವೆ: ತನ್ನ ಇಚ್ಛೆಯಂತೆ ನಡೆಯುವುದು, ತಾನು ಸಮರ್ಥನೆಂದು ಅನುಭವಿಸುವುದು, ಇತರರೊಡನೆ ನಂಟು ಹೊಂದುವುದು. 2006ರಲ್ಲಿ ರಯಾನ್, ರಿಗ್ಬಿ ಮತ್ತು ಶಿಬಿಲ್‌ಸ್ಕಿ ವಿಡಿಯೋ ಗೇಮ್‌ಗಳ ಸೆಳೆತ ಈ ಬೇಕುಗಳನ್ನು ಪೂರೈಸುವುದರಲ್ಲಿದೆ ಎಂದು ತೋರಿಸಿದರು. ಪೂರೈಕೆ ನಿಂತಾಗ ಸೆಳೆತವೂ ನಿಲ್ಲುವುದು ಸಹಜ.

ಇಂದಿನ ಮೊಬೈಲ್ ಆಟಗಳ ರಚನೆಯನ್ನು ಹತ್ತಿರದಿಂದ ನೋಡಿದರೆ ಈ ವಾದದ ಬಲ ತಿಳಿಯುತ್ತದೆ. ಆಟ ತೆರೆದ ಕೂಡಲೇ ದಿನದ ಹಾಜರಿಗೆ ಒಂದು ಪೆಟ್ಟಿಗೆ, ಏಳು ದಿನ ತಪ್ಪದೆ ಬಂದರೆ ದೊಡ್ಡ ಪೆಟ್ಟಿಗೆ. ಆಮೇಲೆ ಇಂತಿಷ್ಟು ದೂರ ಓಡು, ಇಂಥದೇ ಬಂದೂಕಿನಿಂದ ಹೊಡಿ ಎಂಬ ಮಿಷನ್‌ಗಳ ಪಟ್ಟಿ. ಹಣ ಕೊಟ್ಟು ಕೊಂಡ ಪಾಸು ಋತು ಮುಗಿಯುವುದರೊಳಗೆ ಪೂರ್ಣಗೊಳ್ಳದಿದ್ದರೆ ಕೊಟ್ಟ ಹಣ ವ್ಯರ್ಥವಾಗುವ ಭಯ. ಮೋಜಿಗೆಂದು ಶುರುವಾದದ್ದು ಹೀಗೆ ತಪ್ಪಿಸಲಾಗದ ಕೆಲಸವಾಗುತ್ತದೆ. ಆಟವನ್ನು ಬಿಟ್ಟವರಲ್ಲಿ ಅನೇಕರು ಬೇಸರಕ್ಕಿಂತ ಹೆಚ್ಚಾಗಿ ಬಿಡುಗಡೆಯ ಭಾವವನ್ನು ಹೇಳುವುದು ಇದಕ್ಕೆ ಸಾಕ್ಷಿ. ಡಚ್ ಇತಿಹಾಸಕಾರ ಯೋಹಾನ್ ಹೌಝಿಂಗಾ 1938ರಲ್ಲಿ ಆಟದ ಮೊದಲ ಲಕ್ಷಣವೆಂದು ಹೇಳಿದ್ದೇ ಸ್ವಾತಂತ್ರ್ಯ. ಆಜ್ಞೆಯಿಂದ ಆಡಿದ್ದು ಆಟವಲ್ಲ ಎಂಬುದು ಅವನ ನಿಲುವು. ಆ ಅಳತೆಗೋಲಿನಿಂದ ನೋಡಿದರೆ ಇಲ್ಲಿ ತರುಣನಿಗಿಂತ ಮೊದಲು ಆಟವೇ ಬದಲಾಗಿದೆ, ಮತ್ತು ದೋಷವನ್ನು ತರುಣನ ಮನಸ್ಸಿನಲ್ಲಿ ಮಾತ್ರ ಹುಡುಕುವುದು ಅನ್ಯಾಯ. ಆದರೆ ಬಹುಮಾನದ ಪೆಟ್ಟಿಗೆಯೇ ಇಲ್ಲದ ಅನಿಮೆಯ ಆಸಕ್ತಿ ಇಳಿಯುವುದನ್ನು ಈ ವಾದ ಅಷ್ಟು ಸಲೀಸಾಗಿ ವಿವರಿಸಲಾರದು.

ವಯಸ್ಸು ಮತ್ತು ಹೊತ್ತು

ವಯಸ್ಸಾದಂತೆ ಕೈಚಳಕ ಕುಗ್ಗುತ್ತದೆ ಎಂಬ ಸರಳ ವಾದಕ್ಕೂ ಆಧಾರವಿದೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಸ್ಟಾರ್‌ಕ್ರಾಫ್ಟ್ 2 ಆಡುವ 16ರಿಂದ 44 ವಯಸ್ಸಿನ 3,305 ಜನರ ಆಟದ ದಾಖಲೆಗಳನ್ನು ಪರಿಶೀಲಿಸಿ, ಪ್ರತಿಕ್ರಿಯೆಯ ವೇಗ ಸುಮಾರು 24ರಿಂದಲೇ ಇಳಿಯತೊಡಗುತ್ತದೆಂದು ಕಂಡರು. ಹಿರಿಯ ಆಟಗಾರರು ಸರಳ ತಂತ್ರಗಳಿಂದ ಆ ಕೊರತೆಯನ್ನು ತುಂಬಿಕೊಳ್ಳುತ್ತಿದ್ದರೆಂಬುದೂ ಅದೇ ಅಧ್ಯಯನದ ಮಾತು. ಲಾರಾ ಕಾರ್‌ಸ್ಟೆನ್‌ಸೆನ್ ಅವರ ಸಿದ್ಧಾಂತ ಇನ್ನೂ ಆಳಕ್ಕೆ ಹೋಗುತ್ತದೆ: ಮುಂದೆ ಬೇಕಾದಷ್ಟು ಕಾಲವಿದೆ ಎಂದು ಭಾವಿಸುವವರು ಹೊಸದನ್ನು ಅರಸುತ್ತಾರೆ, ಕಾಲ ಪರಿಮಿತವೆಂದು ಅರಿತವರು ಆಪ್ತ ಸಂಬಂಧಗಳತ್ತ ತಿರುಗುತ್ತಾರೆ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಸ್ಟಾಫನ್ ಲಿಂಡರ್ 1970ರಲ್ಲಿ ತೋರಿಸಿದ ಅಂಶವೂ ಇಲ್ಲಿ ಸೇರುತ್ತದೆ. ಗಳಿಕೆ ಹೆಚ್ಚಿದಂತೆ ಒಂದು ಗಂಟೆಯ ಬೆಲೆಯೂ ಏರುವುದರಿಂದ ದೀರ್ಘ ಹೊತ್ತು ಬೇಡುವ ವಿನೋದಗಳು ಹಿಂದೆ ಸರಿಯುತ್ತವೆ.

ಈ ತಾಲ್ಲೂಕುಗಳಲ್ಲಿ ಹೊತ್ತನ್ನು ಹಂಚುವುದು ವಯಸ್ಸಿನಷ್ಟೇ ಬಲವಾಗಿ ಬೆಳೆ. ಜೂನ್–ಜುಲೈಯಲ್ಲಿ ತೊಗರಿ ಬಿತ್ತನೆ, ಡಿಸೆಂಬರ್–ಜನವರಿಯಲ್ಲಿ ಕೊಯ್ಲು ಮತ್ತು ರಾಶಿ, ಹಿಂಗಾರಿಗೆ ಬಿಳಿಜೋಳ, ಭೂಸನೂರು, ಹವಳಗಾ ಕಾರ್ಖಾನೆಗಳು ನುರಿಸತೊಡಗಿದ ಮೇಲೆ ಕಬ್ಬಿನ ಕಟಾವು. ಹೊಲಕ್ಕೆ ನೀರು ಬಿಡಲು ಮೂರು ಫೇಸ್ ಕರೆಂಟು ಬರುವ ವೇಳೆ ಕಾದು ರಾತ್ರಿ ಮೋಟರು ಹಾಕಲು ಹೋಗುವವನು ಇಪ್ಪತ್ತೆರಡರಲ್ಲೇ ಮನೆಯ ಭಾರ ಹೊತ್ತಿರುತ್ತಾನೆ. ಜೆಫ್ರಿ ಆರ್ನೆಟ್ 2000ದಲ್ಲಿ ಹದಿನೆಂಟರಿಂದ ಇಪ್ಪತ್ತೈದರವರೆಗಿನ ವಯಸ್ಸನ್ನು ಜವಾಬ್ದಾರಿಗಳು ಇನ್ನೂ ಹೆಗಲೇರದ, ಪ್ರಯೋಗಕ್ಕೆ ತೆರೆದ ಪ್ರತ್ಯೇಕ ಹಂತವೆಂದು ವಿವರಿಸಿದ. ಅಂಥ ಹಂತ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಇರಬಹುದು, ಅದೇ ಆಳಂದ ತಾಲ್ಲೂಕಿನ ಕೃಷಿಕೂಲಿಯ ಮಗನಿಗೆ ಇರುವುದಿಲ್ಲ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಮನೋವಿಜ್ಞಾನದ ತೀರ್ಮಾನಗಳು ಪಾಶ್ಚಾತ್ಯ ಶ್ರೀಮಂತ ಸಮಾಜಗಳ ವಿದ್ಯಾರ್ಥಿಗಳ ಮೇಲೆಯೇ ಅತಿಯಾಗಿ ನಿಂತಿವೆಯೆಂದು ಎಚ್ಚರಿಸಿದ್ದು ಇಂಥ ಕಡೆ ಅಕ್ಷರಶಃ ನಿಜವಾಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಆಸಕ್ತಿ ಇಳಿಯಿತೋ, ಫೋನನ್ನೇ ಕೈಯಿಂದ ತೆಗೆದುಕೊಂಡರೋ ಎಂಬುದನ್ನು ಮೊದಲು ಕೇಳಬೇಕಾಗುತ್ತದೆ.

ಜೊತೆಗಾರರು ಚದುರಿದ ಮೇಲೆ

ಇಲ್ಲಿನ ಪರಿಸ್ಥಿತಿಗೆ ಎಲ್ಲಕ್ಕಿಂತ ಹೆಚ್ಚು ಬೆಳಕು ಚೆಲ್ಲುವುದು ಸಮಾಜಶಾಸ್ತ್ರದ ವಾದ. ಆಸಕ್ತಿಯನ್ನು ಒಬ್ಬನ ಮನಸ್ಸಿನ ಸಂಗತಿಯೆಂದು ನೋಡದೆ ಒಂದು ಗುಂಪಿನ ನಡುವೆ ಜೀವಂತವಾಗಿರುವ ಸಂಗತಿಯೆಂದು ನೋಡಬೇಕೆಂಬುದು ಅದರ ಸಾರ. ಫ್ರಾನ್ಸಿನ ಪಿಯರ್ ಬೋರ್ದ್ಯೂ 1979ರಲ್ಲಿ ಅಭಿರುಚಿ ಎಂಬುದು ವರ್ಗ ಮತ್ತು ಪರಿಸರದಿಂದ ರೂಪುಗೊಳ್ಳುತ್ತದೆಂದು ವಾದಿಸಿದ. ಜಪಾನಿನಲ್ಲಿ ಒಟಾಕು, ಅಂದರೆ ಅನಿಮೆ, ಆಟಗಳ ಗಾಢ ಅಭಿಮಾನಿಗಳ ಬಗ್ಗೆ ಹಿರೋಕಿ ಅಜುಮಾ 2001ರಲ್ಲಿ ಬರೆಯುತ್ತ, ಹೊಸ ತಲೆಮಾರು ದೊಡ್ಡ ಕಥೆಯನ್ನು ಬಿಟ್ಟು ಬಿಡಿ ಬಿಡಿ ಗುಣಗಳನ್ನಷ್ಟೇ ಸೇವಿಸುತ್ತದೆ ಎಂದ. ಗೈನಾಕ್ಸ್ ಸ್ಟುಡಿಯೋದ ಸ್ಥಾಪಕರಲ್ಲಿ ಒಬ್ಬನಾದ ತೋಷಿಯೊ ಒಕಾಡಾ 2008ರಲ್ಲಿ ಒಟಾಕುಗಳು ಈಗಾಗಲೇ ಸತ್ತಿದ್ದಾರೆಂದು ಘೋಷಿಸಿ, ಅಭಿಮಾನಿಗಳನ್ನು ಒಂದು ಬಳಗವಾಗಿ ಹಿಡಿದಿಟ್ಟಿದ್ದ ಪ್ರಜ್ಞೆಯೇ ಕರಗಿತೆಂದು ಶೋಕಿಸಿದ. ಆ ಮಾತನ್ನು ಉತ್ಪ್ರೇಕ್ಷೆಯೆಂದು ಬದಿಗಿಟ್ಟರೂ, ಬಳಗ ಕರಗಿದಾಗ ರುಚಿಯೂ ಕರಗುತ್ತದೆ ಎಂಬ ಅದರ ಒಳನೋಟ ಉಳಿಯುತ್ತದೆ.

ಪಬ್ಜಿಯ ಸ್ಕ್ವಾಡ್ ಎಂದರೆ ನಾಲ್ವರ ತಂಡ. ಒಬ್ಬ ಗುಂಡು ತಗುಲಿ ಬಿದ್ದರೆ ಇನ್ನೊಬ್ಬ ಅವನ ಬಳಿ ಮಂಡಿಯೂರಿ ಕೆಲವು ಕ್ಷಣ ಕುಳಿತು ಎಬ್ಬಿಸಬೇಕು, ಆ ಹೊತ್ತಿನಲ್ಲಿ ಉಳಿದಿಬ್ಬರು ಕಾವಲಿರಬೇಕು. ಕಟ್ಟೆಯ ಮೇಲೆ ಒತ್ತಾಗಿ ಕುಳಿತ ನಾಲ್ವರಲ್ಲಿ ಈ ಸಹಾಯ, ಬೈಗುಳ, ‘ಹಿಂದ ಅದಾನ ನೋಡಲೇ, ಹೊಡಿ’ ಎಂಬ ಕೂಗು ಎಲ್ಲವೂ ಊರಿನ ಮಾತಿನಲ್ಲೇ ನಡೆಯುತ್ತವೆ. ಆಟ ಮುಗಿದ ಮೇಲೂ ಅದರ ಜಗಳ ಚಹಾದ ಅಂಗಡಿಯವರೆಗೆ ಮುಂದುವರಿಯುತ್ತದೆ. ಆ ನಾಲ್ವರಲ್ಲಿ ಒಬ್ಬ ಪುಣೆಯ ಕಟ್ಟಡದ ಕೆಲಸಕ್ಕೆ, ಇನ್ನೊಬ್ಬ ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋದ ಮೇಲೆ ಉಳಿದವರೊಡನೆ ಆಟವೇ ಅಪರಿಚಿತರನ್ನು ಸೇರಿಸುತ್ತದೆ. ಆಟಗಾರರು ಅವರನ್ನು ರ‍್ಯಾಂಡಮ್ ಎನ್ನುತ್ತಾರೆ. ಅವರೊಡನೆ ಹಿಂದಿಯಲ್ಲಿ ಮಾತಾಡಬೇಕು, ಬಿದ್ದವನನ್ನು ಎಬ್ಬಿಸದೆ ಅವರು ಮುಂದೆ ಓಡಿದರೂ ಕೇಳುವಂತಿಲ್ಲ. ನಕ್ಷೆ ಅದೇ, ಬಂದೂಕು ಅದೇ, ಕೈಚಳಕವೂ ಕುಗ್ಗಿಲ್ಲ. ಆದರೂ ಒಂದು ತಿಂಗಳೊಳಗೆ ಆಟ ರುಚಿಸದಾಗುತ್ತದೆ. ಬೇಸಿಗೆಯ ಗುಳೆ, ಡಿಪ್ಲೊಮಾ ಮುಗಿದ ಮೇಲಿನ ವಲಸೆ ಈ ಸೀಮೆಯ ಹಳ್ಳಿಗಳಲ್ಲಿ ತರುಣರ ಗುಂಪುಗಳನ್ನು ಒಡೆಯುವ ಅತಿ ದೊಡ್ಡ ಶಕ್ತಿಯಾಗಿರುವುದರಿಂದ, ಇಲ್ಲಿ ಆಟದ ಆಸಕ್ತಿಯ ಚರಿತ್ರೆಯನ್ನು ವಲಸೆಯ ಚರಿತ್ರೆಯಿಂದ ಬೇರ್ಪಡಿಸಿ ಬರೆಯಲಾಗದು.

ಈ ವಾದವನ್ನು ಬಯಲಾಟದ ನಿದರ್ಶನದಿಂದ ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬಹುದು. ದೊಡ್ಡಾಟ, ಸಣ್ಣಾಟಗಳಲ್ಲಿ, ಜಾತ್ರೆಗೆಂದು ಊರ ಹುಡುಗರೇ ಆಡುವ ಸಾಮಾಜಿಕ ನಾಟಕಗಳಲ್ಲಿ, ಮೊಹರಂ ಹೊತ್ತಿನ ಹೆಜ್ಜೆ ಕುಣಿತ ಮತ್ತು ರಿವಾಯತ್ ಪದಗಳಲ್ಲಿ ಪ್ರತಿ ವಯಸ್ಸಿಗೂ ಒಂದು ಜಾಗವಿದೆ. ಮುಂದಿನ ಸಾಲಿನಲ್ಲಿ ಕುಳಿತು ನೋಡುವ ಮಗು ಕೆಲ ವರ್ಷಗಳಲ್ಲಿ ಬಾಲಪಾತ್ರ ಮಾಡುತ್ತದೆ, ಇಪ್ಪತ್ತರಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿ ರಾಜನಾಗಿ ಕುಣಿಯುತ್ತದೆ, ಮೊಣಕಾಲು ಸೋತ ಮೇಲೆ ಹಿಮ್ಮೇಳಕ್ಕೆ ಸರಿಯುತ್ತದೆ, ಕೊನೆಗೆ ಮಾಸ್ತರನಾಗಿ ಹೊಸಬರಿಗೆ ಮಾತು ಕಲಿಸುತ್ತದೆ. ಆಸಕ್ತಿ ಇಳಿಯುವ ಪ್ರತಿ ತಿರುವಿನಲ್ಲೂ ಬೇರೊಂದು ಕೆಲಸ ಕಾದಿರುತ್ತದೆ, ಮತ್ತು ಆ ಕೆಲಸ ಹಿಂದಿನದಕ್ಕಿಂತ ಹೆಚ್ಚು ಮರ್ಯಾದೆಯದು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಹಾಸುವ ಪಗಡೆಯ ಸುತ್ತ ಬಿಳಿಗೂದಲಿನವರೇ ಹೆಚ್ಚಾಗಿ ಕೂಡುವುದು ಇದರ ಇನ್ನೊಂದು ರೂಪ. ಮೊಬೈಲ್ ಆಟದಲ್ಲಿ ಇಂಥ ಮೆಟ್ಟಿಲುಗಳಿಲ್ಲ; ಆಟವನ್ನು ನೇರಪ್ರಸಾರ ಮಾಡಿ ಹೆಸರು ಗಳಿಸುವ ಕೆಲವರನ್ನು ಬಿಟ್ಟರೆ, ಮೂವತ್ತು ದಾಟಿದ ಆಟಗಾರನಿಗೆ ಹದಿನೈದರ ಹುಡುಗನೊಡನೆ ಸಮನಾಗಿ ಸೆಣಸುವುದು ಅಥವಾ ಬಿಡುವುದು ಎಂಬ ಎರಡೇ ದಾರಿಗಳಿವೆ. ತಣಿವಿನ ವಾದ ಬಿಡಿಸದೆ ಬಿಟ್ಟ ಗಂಟು, ಪುನರಾವರ್ತನೆ ಎಲ್ಲಿ ಬೇಸರವಾಗುತ್ತದೆ ಎಲ್ಲಿ ಆಗುವುದಿಲ್ಲ ಎಂಬುದು, ಬಹುಮಟ್ಟಿಗೆ ಇಲ್ಲಿ ಬಿಚ್ಚುತ್ತದೆ. ಬಯಲಾಟಕ್ಕೂ ಈಗ ಜನ ಕಡಿಮೆಯಾಗಿದ್ದಾರೆಂಬ ಆಕ್ಷೇಪ ನಿಜವೇ. ಆದರೆ ಅಲ್ಲಿ ಕಡಿಮೆಯಾದದ್ದು ಹೊಸಬರ ಬರವು, ಬಂದವರ ಹುರುಪಲ್ಲ.

ಕಾಯಿಲೆಯ ಪ್ರಶ್ನೆ

ವೈದ್ಯಕೀಯವು ಈ ವಿಷಯವನ್ನು ಎರಡು ತುದಿಗಳಿಂದ ನೋಡುತ್ತದೆ. ಒಂದು ತುದಿಯಲ್ಲಿ ಅತಿಯಾದ ಆಟ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಅಸ್ವಸ್ಥತೆಯನ್ನು ಸೇರಿಸಿತು, ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇದಕ್ಕೆಂದು ‘ಶಟ್’ ಎಂಬ ಚಿಕಿತ್ಸಾಲಯ ತೆರೆದಿತ್ತು. ಇನ್ನೊಂದು ತುದಿಯಲ್ಲಿ ಆಸಕ್ತಿಯ ನಾಶ. ಸುಖವನ್ನು ಅನುಭವಿಸುವ ಶಕ್ತಿಯೇ ಕುಂದುವುದಕ್ಕೆ ಫ್ರೆಂಚ್ ಮನೋವಿಜ್ಞಾನಿ ತಿಯೋದೂಲ್ ರಿಬೊ 1896ರಲ್ಲಿ ಅನ್‌ಹಿಡೋನಿಯಾ ಎಂಬ ಹೆಸರಿಟ್ಟ. ಇಂದು ಅದು ಖಿನ್ನತೆಯ ಎರಡು ಮುಖ್ಯ ಲಕ್ಷಣಗಳಲ್ಲಿ ಒಂದು. ಖಿನ್ನತೆಯನ್ನು ಗುರುತಿಸಲು ಬಳಸುವ ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿಯ ಮೊದಲ ಪ್ರಶ್ನೆಯೇ ಕಳೆದ ಎರಡು ವಾರಗಳಲ್ಲಿ ಕೆಲಸಗಳಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿದೆಯೇ ಎಂಬುದು.

ಹಾಗೆಂದು ಆಟ ಬಿಟ್ಟ ಪ್ರತಿಯೊಬ್ಬನೂ ರೋಗಿಯಲ್ಲ. ಅನಿಮೆಯ ಜಾಗದಲ್ಲಿ ಕ್ರಿಕೆಟ್, ಮದುವೆ, ಟ್ರ್ಯಾಕ್ಟರ್, ಸ್ಪರ್ಧಾತ್ಮಕ ಪರೀಕ್ಷೆ ಬಂದು ನಿಂತಿದ್ದರೆ ಆಸಕ್ತಿ ಸ್ಥಳಾಂತರಗೊಂಡಿದೆ, ಅಷ್ಟೆ. ಆಟವೂ ಬೇಡ, ಗೆಳೆಯರೂ ಬೇಡ, ಊಟವೂ ರುಚಿಸದು, ನಿದ್ದೆ ಕೆಟ್ಟಿದೆ, ಬಿಟ್ಟ ಜಾಗ ಹಾಗೆಯೇ ಖಾಲಿ ಉಳಿದಿದೆ ಎಂದರೆ ಅದು ಬೇರೆಯೇ ಸಂಗತಿ, ಮತ್ತು ಅದನ್ನು ಪ್ರೌಢಿಮೆಯೆಂದು ಕೊಂಡಾಡುವ ಮನೆಯವರು ತಮಗರಿವಿಲ್ಲದೆ ಮಗುವನ್ನು ಅಪಾಯಕ್ಕೆ ಒಡ್ಡುತ್ತಾರೆ. ಮಳೆ ಕೈಕೊಟ್ಟ ವರ್ಷಗಳ ಸಾಲ, ಫಲಿತಾಂಶ ಬಾರದ ಪರೀಕ್ಷೆಗಳ ಕಾಯುವಿಕೆ ಇರುವ ಸೀಮೆಯಲ್ಲಿ ಈ ವ್ಯತ್ಯಾಸವನ್ನು ಮನೆಮನೆಗೆ ತಿಳಿಸುವುದು ತುರ್ತಿನ ಕೆಲಸ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲಿಯೂ ಉಚಿತವಾಗಿ ದೊರೆಯುತ್ತದೆ.

ಇನ್ನೂ ಇತ್ಯರ್ಥವಾಗದವು

ಮೊದಲನೆಯದಾಗಿ, ವಯಸ್ಸಿನ ಪರಿಣಾಮವನ್ನು ತಲೆಮಾರಿನ ಪರಿಣಾಮದಿಂದ ಬೇರ್ಪಡಿಸುವುದು ಕಷ್ಟ. ಇಂದಿನ ಮೂವತ್ತರವರು ಆಟ ಬಿಟ್ಟದ್ದು ಮೂವತ್ತಾದ್ದರಿಂದಲೋ ಅಥವಾ ಕ್ಯಾಸೆಟ್ಟಿನ ಕಾಲದಲ್ಲಿ ಬೆಳೆದವರಿಗೆ ಇಂದಿನ ಆಟಗಳ ರಚನೆ ಒಗ್ಗದ್ದರಿಂದಲೋ ಎಂಬುದು ಅಗ್ಗದ ಡೇಟಾದಲ್ಲೇ ಹುಟ್ಟಿಬೆಳೆದವರು ಮೂವತ್ತು ಮುಟ್ಟುವವರೆಗೆ ನಿರ್ಧಾರವಾಗದು. ಭಾರತ–ಜಪಾನ್ ಸಹಯೋಗದ ಹಳೆಯ ‘ರಾಮಾಯಣ’ ಅನಿಮೆ ಚಿತ್ರ 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಬಾಲ್ಯದಲ್ಲಿ ಅದನ್ನು ಟಿವಿಯಲ್ಲಿ ಕಂಡವರೂ ಮಕ್ಕಳೊಡನೆ ನೋಡಲು ಹೋದರು. ಇಳಿದಿದ್ದ ಆಸಕ್ತಿ ಹಾಗೆ ಮರಳಿತೋ, ಮರಳಿದ್ದು ಬಾಲ್ಯದ ನೆನಪು ಮಾತ್ರವೋ ಎಂಬುದರಲ್ಲಿ ಒಮ್ಮತವಿಲ್ಲ.

ಎರಡನೆಯದು ಕಿರುವಿಡಿಯೋಗಳ ಪಾತ್ರ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದ ಬೆನ್ನಿಗೇ ರೀಲ್ಸ್ ಬಂದು, ಇಪ್ಪತ್ತು ನಿಮಿಷದ ಕಂತಿಗೆ ಕುಳಿತುಕೊಳ್ಳುವ ತಾಳ್ಮೆಯನ್ನೇ ಅವು ಕುಗ್ಗಿಸಿದವೆಂದು ಒಂದು ಪಕ್ಷ ಹೇಳಿದರೆ, ಆಸಕ್ತಿ ಮೊದಲೇ ಇಳಿದು ಖಾಲಿಯಾದ ಹೊತ್ತನ್ನು ಅವು ತುಂಬಿದವಷ್ಟೇ ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು ಎಂಬ ಇದೇ ತೊಡಕು ಖಿನ್ನತೆಯ ಚರ್ಚೆಯಲ್ಲೂ ಇದೆ: ಖಿನ್ನತೆಯಿಂದ ಆಟದ ರುಚಿ ಹೋಯಿತೋ, ಖಿನ್ನತೆಯನ್ನು ಅಲ್ಲಿಯವರೆಗೆ ತಡೆದಿದ್ದ ಆಟ ಮತ್ತು ಗೆಳೆಯರು ಹೋದದ್ದರಿಂದ ಖಿನ್ನತೆ ಹೊರಬಂತೋ ಎಂಬುದು ಬಗೆಹರಿದಿಲ್ಲ.

ಮೂರನೆಯದು ಭಾಷೆ. ಹಿಂದಿಯಲ್ಲಿ ನೋಡಿದ, ಅಪರಿಚಿತರೊಡನೆ ಹಿಂದಿಯಲ್ಲಿ ಕೂಗಿ ಆಡಿದ ವಿನೋದಕ್ಕೆ ಮನೆಮಾತಿನಲ್ಲಿ ಚರ್ಚೆ, ವಿಮರ್ಶೆ, ಬರವಣಿಗೆ ಬೆಳೆಯಲಿಲ್ಲ. ಸಹೃದಯನನ್ನು ರೂಪಿಸುವ ಅಭ್ಯಾಸ ಮಾತಿನ ಮೂಲಕವೇ ನಡೆಯುವುದಾದರೆ, ಕನ್ನಡದಲ್ಲಿ ಮಾತಿಗೆ ಸಿಗದ ಆಸಕ್ತಿ ಬೇಗ ಒಣಗುತ್ತದೆಯೇ? ಮತ್ತು ಪಬ್ಜಿ ನಿಷೇಧವಾದ ಹತ್ತು ತಿಂಗಳುಗಳ ನಂತರ, 2021ರ ಜುಲೈಯಲ್ಲಿ ಅದೇ ಆಟ ಬೇರೆ ಹೆಸರಿನಲ್ಲಿ ಬಂದಾಗ ಕೆಲವರು ಆ ರಾತ್ರಿಯೇ ಮರಳಿದರು, ಕೆಲವರು ಡೌನ್‌ಲೋಡ್ ಮಾಡಿಯೂ ಆಡಲಿಲ್ಲ, ಕೆಲವರು ಸುದ್ದಿಯನ್ನೇ ಗಮನಿಸಲಿಲ್ಲ. ಒಂದೇ ಓಣಿಯ, ಒಂದೇ ವಯಸ್ಸಿನ, ಒಂದೇ ಸ್ಕ್ವಾಡಿನ ಹುಡುಗರು ಹೀಗೆ ಮೂರು ದಾರಿ ಹಿಡಿದದ್ದೇಕೆ ಎಂಬುದನ್ನು ಮೇಲಿನ ಯಾವ ವಾದವೂ ಒಂಟಿಯಾಗಿ ವಿವರಿಸುವುದಿಲ್ಲ.